ದೂರದ ಲೆಕ್ಕ, ಹೊತ್ತಿನ ಲೆಕ್ಕ

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೂ ನಡುವಣ ನೇರ ಅಂತರ ಸುಮಾರು 14,000 ಕಿಲೋಮೀಟರು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರು. ಆದ್ದರಿಂದ ಭೂಮಿಯ ಮೇಲಿನ ಯಾವುದೇ ಎರಡು ಸ್ಥಳಗಳು ಒಂದರಿಂದ ಒಂದು 20,000 ಕಿಲೋಮೀಟರಿಗಿಂತ ಹೆಚ್ಚು ದೂರ ಇರಲಾರವು. ಆ ಪರಮಾವಧಿಯ ಹತ್ತರಲ್ಲಿ ಏಳು ಪಾಲು ಈ ಎರಡು ನಿಲ್ದಾಣಗಳ ನಡುವೆ ಇದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆ ಈ ಎರಡು ಊರುಗಳ ನಡುವೆ ಎಲ್ಲಿಯೂ ಇಳಿಯದೆ ಹಾರುವ ವಿಮಾನವನ್ನು ಆರಂಭಿಸಿತು. ಜನವರಿ 9ರ ಶನಿವಾರ ರಾತ್ರಿ ಎಂಟೂವರೆಯ ವೇಳೆಗೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಮೇಲೆದ್ದ ಮೊದಲ ವಿಮಾನವು ಉತ್ತರ ಧ್ರುವದ ಮಾರ್ಗವಾಗಿ ಬಂದು, ಜನವರಿ 11ರ ಸೋಮವಾರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ವಿಮಾನವನ್ನು ನಡೆಸಿದವರೆಲ್ಲರೂ ಮಹಿಳೆಯರೇ ಆಗಿದ್ದರೆಂಬುದು ಅಂದಿನ ಪತ್ರಿಕೆಗಳ ಮುಖ್ಯ ಸುದ್ದಿ. ಆ ಸುದ್ದಿಯ ಒಳಗೆ ಇನ್ನೊಂದು ಸಂಗತಿಯೂ ಇತ್ತು. ಕರ್ನಾಟಕದ ಸಾವಿರಾರು ಮನೆಗಳಲ್ಲಿ ‘ಬಹು ದೂರ’ ಎಂದಷ್ಟೇ ಹೇಳುತ್ತಿದ್ದ ಒಂದು ಊರಿಗೆ ಈಗ ಒಂದು ಖಚಿತವಾದ ಸಂಖ್ಯೆ ದೊರೆಯಿತು. ಅದು ಹದಿನೇಳು ಗಂಟೆ.

ದೂರವನ್ನು ಹೊತ್ತಿನಿಂದ ಹೇಳುವುದು ಹೊಸ ಪದ್ಧತಿಯಲ್ಲ. ಕನ್ನಡದ ಹಳೆಯ ಅಳತೆಗಳಲ್ಲಿ ಯೋಜನ, ಗಾವುದ, ಹರದಾರಿಗಳು ಗ್ರಂಥಗಳಲ್ಲಿಯೂ ಶಾಸನಗಳಲ್ಲಿಯೂ ಲೆಕ್ಕಪತ್ರಗಳಲ್ಲಿಯೂ ಬಳಕೆಯಾದುವು. ಜನರ ಬಾಯಲ್ಲಿ ಉಳಿದವು ದೇಹಕ್ಕೆ ಹತ್ತಿರವಾದ ಅಳತೆಗಳು. ಒಬ್ಬನು ಕೂಗಿದರೆ ಇನ್ನೊಬ್ಬನಿಗೆ ಕೇಳುವಷ್ಟು ದೂರ ‘ಕೂಗಳತೆ’. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಸೇರುವ ಊರು ‘ಒಂದು ಹಗಲ ಹಾದಿ’. ಜಾತ್ರೆಗೆ ‘ಎರಡು ದಿನದ ಗಾಡಿ ದಾರಿ’, ತವರಿಗೆ ‘ಒಂದು ಹೊತ್ತಿನ ನಡಿಗೆ’. ಗಾವುದದ ಉದ್ದ ನಾಡಿನಿಂದ ನಾಡಿಗೆ ಬೇರೆಯಾಗುತ್ತಿತ್ತು. ಒಂದು ಹಗಲ ಹಾದಿಯ ಅರ್ಥ ಮಾತ್ರ ಎಲ್ಲರಿಗೂ ತಿಳಿದಿತ್ತು, ಏಕೆಂದರೆ ಅದನ್ನು ಅಳೆದದ್ದು ಕಾಲು ಮತ್ತು ಹಸಿವು. ಕಿಲೋಮೀಟರಿನ ಕಲ್ಲುಗಳು ಬಂದ ಮೇಲೆ ದೂರವು ನಡೆಯುವವನಿಂದ ಬೇರ್ಪಟ್ಟು ನೆಲದ ಗುಣವಾಯಿತು. ವಿಮಾನವು ಅದನ್ನು ಮರಳಿ ಹೊತ್ತಿಗೆ ತಂದು ಕಟ್ಟಿತು. ವಿದೇಶದಲ್ಲಿರುವ ಮಗಳ ಊರು ಎಷ್ಟು ದೂರ ಎಂದು ಕೇಳಿದರೆ ಯಾವ ತಾಯಿಯೂ ಕಿಲೋಮೀಟರು ಹೇಳುವುದಿಲ್ಲ. ‘ಇಪ್ಪತ್ತೆರಡು ಗಂಟೆಯ ಪ್ರಯಾಣ, ನಡುವೆ ಒಂದು ಕಡೆ ಇಳಿದು ಹತ್ತಬೇಕು’ ಎನ್ನುತ್ತಾಳೆ.

ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಿವೃತ್ತ ಶಾಲಾ ಮಾಸ್ತರರೊಬ್ಬರು ಈ ಲೆಕ್ಕವನ್ನು ತಮ್ಮದೇ ಕ್ರಮದಲ್ಲಿ ಮಾಡಿದ್ದರು. ಮಗ ಕ್ಯಾಲಿಫೋರ್ನಿಯಾಕ್ಕೆ ಹೊರಟ ವರ್ಷ, ಹೆಂಡತಿಗೆ ಆ ಊರು ಎಲ್ಲಿದೆಯೆಂದು ತೋರಿಸಲು ಅವರು ಮೊದಲು ಗೋಡೆಯ ನಕ್ಷೆಯ ಮುಂದೆ ನಿಂತರು. ನಕ್ಷೆಯಲ್ಲಿ ಭಾರತ ಬಲಗಡೆ, ಅಮೆರಿಕ ಎಡಗಡೆ. ನಡುವೆ ಆಫ್ರಿಕಾ, ಅಟ್ಲಾಂಟಿಕ್. ‘ಹೀಗೆ ಪಶ್ಚಿಮಕ್ಕೆ ಹೋಗುತ್ತಾನೆಯೇ?’ ಎಂದು ಆಕೆ ಕೇಳಿದರು. ‘ಪೂರ್ವಕ್ಕೆ ಹೋದರೆ ಹತ್ತಿರ’ ಎಂದು ಮಾಸ್ತರರು ನಕ್ಷೆಯ ಬಲ ಅಂಚಿನಿಂದ ಎಡ ಅಂಚಿಗೆ ಬೆರಳು ದಾಟಿಸಿದರು. ಆಕೆಗೆ ಅದು ಒಪ್ಪಿಗೆಯಾಗಲಿಲ್ಲ. ಆಗ ಅವರು ಅಟ್ಟದ ಮೇಲಿದ್ದ ಹಳೆಯ ಗ್ಲೋಬನ್ನು ಇಳಿಸಿ, ಧೂಳೊರಸಿ, ಹೊಲಿಗೆ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹಿಡಿದು ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊದ ಮೇಲಿಟ್ಟು ಬಿಗಿಯಾಗಿ ಎಳೆದರು. ದಾರವು ಪೂರ್ವಕ್ಕೂ ಹೋಗಲಿಲ್ಲ, ಪಶ್ಚಿಮಕ್ಕೂ ಹೋಗಲಿಲ್ಲ. ಅದು ನೇಪಾಳ, ಟಿಬೆಟ್, ಮಂಗೋಲಿಯಾಗಳ ಮೇಲೆ ಜಾರಿ, ಸೈಬೀರಿಯಾವನ್ನು ದಾಟಿ, ಆರ್ಕ್‌ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲಾಸ್ಕಾದ ಮೂಲಕ ಕೆಳಗಿಳಿಯಿತು. ‘ಉತ್ತರಕ್ಕೆ’ ಎಂದರು ಆಕೆ. ಮೂವತ್ತು ಸೆಂಟಿಮೀಟರು ವ್ಯಾಸದ ಆ ಗ್ಲೋಬಿನ ಮೇಲೆ ದಾರದ ಉದ್ದ ಮೂವತ್ತಮೂರು ಸೆಂಟಿಮೀಟರಾಗಿತ್ತು. ಆ ದಾರವನ್ನು ಆಕೆ ಸುತ್ತಿ ಕುಂಕುಮದ ಭರಣಿಯ ಪಕ್ಕದಲ್ಲಿಟ್ಟುಕೊಂಡರು.

ಗೋಳದ ಮೇಲೆ ಎರಡು ಬಿಂದುಗಳ ನಡುವಣ ಅತಿ ಕಿರಿದಾದ ದಾರಿಯು ಮಹಾವೃತ್ತದ ಒಂದು ಖಂಡ. ಗೋಳದ ಕೇಂದ್ರದ ಮೂಲಕ ಹಾಯುವ ಸಮತಲವೊಂದು ಅದನ್ನು ಕತ್ತರಿಸಿದಾಗ ಮೇಲ್ಮೈಯಲ್ಲಿ ಮೂಡುವ ವೃತ್ತವೇ ಮಹಾವೃತ್ತ. ಬಿಗಿದ ದಾರವು ಯಾವ ಗಣಿತವನ್ನೂ ಅರಿಯದೆ ಈ ದಾರಿಯನ್ನು ಹಿಡಿಯುತ್ತದೆ. ಚಪ್ಪಟೆಯಾದ ನಕ್ಷೆಗೆ ಇದು ಸಾಧ್ಯವಿಲ್ಲ. ಶಾಲೆಗಳಲ್ಲಿ ಬಹುಕಾಲ ನೇತಾಡಿದ ನಕ್ಷೆಗಳ ಮೂಲವಿರುವುದು ಮರ್ಕೇಟರನು 1569ರಲ್ಲಿ ರೂಪಿಸಿದ ವಿನ್ಯಾಸದಲ್ಲಿ. ಅದು ನಾವಿಕರಿಗಾಗಿ ಮಾಡಿದ ನಕ್ಷೆ. ದಿಕ್ಸೂಚಿಯ ಒಂದೇ ಕೋನವನ್ನು ಹಿಡಿದು ಸಾಗುವ ದಾರಿಯು ಅದರಲ್ಲಿ ಸರಳರೇಖೆಯಾಗಿ ಕಾಣುತ್ತದೆ. ಆ ಅನುಕೂಲಕ್ಕೆ ತೆತ್ತ ಬೆಲೆಯೆಂದರೆ ಉತ್ತರಕ್ಕೆ ಹೋದಂತೆಲ್ಲ ನೆಲವು ಹಿಗ್ಗುವುದು. 60ನೆಯ ಅಕ್ಷಾಂಶದಲ್ಲಿ ಉದ್ದಗಳು ಎರಡು ಪಟ್ಟಾಗುತ್ತವೆ, ಧ್ರುವವನ್ನಂತೂ ಆ ನಕ್ಷೆಯಲ್ಲಿ ತೋರಿಸುವಂತೆಯೇ ಇಲ್ಲ. ಬೆಂಗಳೂರಿನಿಂದ ಪೂರ್ವಮುಖವಾಗಿ ಆ ನಕ್ಷೆಯ ಸರಳರೇಖೆಯನ್ನೇ ಹಿಡಿದು ಹೊರಟರೆ ಸ್ಯಾನ್ ಫ್ರಾನ್ಸಿಸ್ಕೊ 16,000 ಕಿಲೋಮೀಟರಿಗೂ ಹೆಚ್ಚು ದೂರವಾಗುತ್ತದೆ. ಬಾಗಿದಂತೆ ಕಾಣುವ ದಾರಿ ಅದಕ್ಕಿಂತ ಎರಡು ಸಾವಿರ ಕಿಲೋಮೀಟರು ಕಡಿಮೆ.

ಹಾಗಿದ್ದರೂ ವಿಮಾನಗಳು ದಾರದ ಹಾದಿಯನ್ನೇ ಹಿಡಿಯುವುದಿಲ್ಲ. ಟಿಬೆಟಿನ ಪ್ರಸ್ಥಭೂಮಿಯು ಸರಾಸರಿ ನಾಲ್ಕೂವರೆ ಸಾವಿರ ಮೀಟರು ಎತ್ತರದಲ್ಲಿದೆ. ವಿಮಾನದೊಳಗಿನ ವಾಯುಭಾರ ಆಕಸ್ಮಿಕವಾಗಿ ಕುಸಿದರೆ ಸುಮಾರು ಮೂರು ಸಾವಿರ ಮೀಟರಿನ ಎತ್ತರಕ್ಕೆ ಬೇಗ ಇಳಿಯಬೇಕಾಗುತ್ತದೆ. ಪ್ರಯಾಣಿಕರ ಆಮ್ಲಜನಕದ ಸಂಗ್ರಹ ಕೆಲವೇ ನಿಮಿಷಗಳದ್ದು. ಕೆಳಗೆ ನೆಲವೇ ಅದಕ್ಕಿಂತ ಮೇಲಿರುವ ಕಡೆ ಇಳಿಯುವುದೆಲ್ಲಿಗೆ? ಆದ್ದರಿಂದ ಹಿಮಾಲಯದ ನೇರ ಹಾದಿಯನ್ನು ಬಳಸಿ ಹೋಗುವುದು ವಾಡಿಕೆ. ಗಾಳಿಯ ವಿಚಾರವೂ ಇದೆ. ಹತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ ಜೆಟ್ ಪ್ರವಾಹಗಳೆಂಬ ವೇಗದ ಗಾಳಿಗಳು ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತವೆ. ಚಳಿಗಾಲದಲ್ಲಿ ಅವುಗಳ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುವುದುಂಟು. ಗಾಳಿಯ ಜೊತೆಗೆ ಹಾರಿದರೆ ದಾರಿ ಉದ್ದವಾದರೂ ಹೊತ್ತು ಕಡಿಮೆ, ಎದುರಾಗಿ ಹಾರಿದರೆ ದಾರಿ ಕಿರಿದಾದರೂ ಹೊತ್ತು ಹೆಚ್ಚು. ಬೆಂಗಳೂರಿನಿಂದ ಪೆಸಿಫಿಕ್ ಮೇಲೆ ಹೋಗುವಾಗ ಹದಿನಾರು ಗಂಟೆಯ ಆಸುಪಾಸು ಸಾಕಾದರೆ, ಮರಳಿ ಬರುವಾಗ ಹದಿನೇಳಕ್ಕೂ ಮೀರುವುದು ಇದೇ ಕಾರಣಕ್ಕೆ.

ಮೊದಲ ವಿಮಾನವು ಧ್ರುವದ ದಾರಿ ಹಿಡಿದದ್ದೂ ಇದೇ ಗಣಿತದ ಫಲ. ಬೆಂಗಳೂರು ಧ್ರುವದಿಂದ ಸುಮಾರು 77 ಡಿಗ್ರಿ, ಸ್ಯಾನ್ ಫ್ರಾನ್ಸಿಸ್ಕೊ 52 ಡಿಗ್ರಿ. ಎರಡನ್ನೂ ಕೂಡಿಸಿ, ಡಿಗ್ರಿಯೊಂದಕ್ಕೆ 111 ಕಿಲೋಮೀಟರಿನಂತೆ ಗುಣಿಸಿದರೆ 14,300ಕ್ಕೆ ತುಸು ಮೇಲೆ ಬರುತ್ತದೆ. ಅತಿ ಕಿರಿದಾದ ದಾರಿಗಿಂತ ಮುನ್ನೂರು ನಾನೂರು ಕಿಲೋಮೀಟರಷ್ಟೇ ಹೆಚ್ಚು, ಆದರೆ ಎದುರುಗಾಳಿಯ ಕಾಟ ಕಡಿಮೆ. ಅಲ್ಲಿ ಕಷ್ಟಗಳು ಬೇರೆ. ಧ್ರುವದ ಸಮೀಪದಲ್ಲಿ ಕಾಂತಸೂಚಿಯನ್ನು ನಂಬುವಂತಿಲ್ಲ. ಭೂಮಧ್ಯರೇಖೆಯ ಮೇಲೆ ನೆಲೆಸಿದ ಸಂಪರ್ಕ ಉಪಗ್ರಹಗಳು ಅಲ್ಲಿ ದಿಗಂತದ ಕೆಳಗೆ ಮುಳುಗಿರುತ್ತವೆ. ಹೊರಗಿನ ಶೀತದಲ್ಲಿ ರೆಕ್ಕೆಯೊಳಗಿನ ಇಂಧನವು ಗಟ್ಟಿಯಾಗದಂತೆ ಅದರ ಉಷ್ಣತೆಯನ್ನು ಗಮನಿಸುತ್ತಲೇ ಇರಬೇಕು. ಈ ದಾರಿಗೆ ಬಳಸಿದ ಬೋಯಿಂಗ್ 777-200ಎಲ್‌ಆರ್ ವಿಮಾನವು ಸುಮಾರು 1,81,000 ಲೀಟರು ಇಂಧನ ತುಂಬಿಕೊಳ್ಳಬಲ್ಲದು. ಪೂರ್ಣ ಭಾರದಲ್ಲಿ ಮೇಲೇಳುವ ವಿಮಾನದ ತೂಕದಲ್ಲಿ ಐದರಲ್ಲಿ ಎರಡು ಪಾಲು ಇಂಧನದ್ದೇ. ಅಂದರೆ ದೂರದ ಪ್ರಯಾಣದಲ್ಲಿ ವಿಮಾನವು ಮನುಷ್ಯರಿಗಿಂತ ಹೆಚ್ಚಾಗಿ ದಾರಿಯನ್ನೇ ಹೊತ್ತು ಹಾರುತ್ತದೆ. ಮೊದಲ ಗಂಟೆಗಳಲ್ಲಿ ಸುಡುವ ಇಂಧನದ ಒಂದು ದೊಡ್ಡ ಭಾಗವು ಕೊನೆಯ ಗಂಟೆಗಳ ಇಂಧನವನ್ನು ಹೊರುವುದಕ್ಕೇ ವೆಚ್ಚವಾಗುತ್ತದೆ.

ಇಷ್ಟು ದೂರದ ಎರಡು ಊರುಗಳ ನಡುವೆ ದೂರಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಗಡಿಯಾರ. ಸ್ಯಾನ್ ಫ್ರಾನ್ಸಿಸ್ಕೊದ ಸಮಯವು ಭಾರತಕ್ಕಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಚಳಿಗಾಲದ ಒಂದು ಮಧ್ಯಾಹ್ನ ಎರಡೂವರೆಗೆ ದೇವನಹಳ್ಳಿಯಿಂದ ಹೊರಟು ಹದಿನಾರು ಗಂಟೆ ಹಾರಿದವನು, ಅಲ್ಲಿ ಇಳಿದಾಗ ಅದೇ ದಿನ ಸಂಜೆ ಐದು ಗಂಟೆಯಾಗಿರುತ್ತದೆ. ಪಂಚಾಂಗದ ಪ್ರಕಾರ ಪ್ರಯಾಣ ಎರಡೂವರೆ ಗಂಟೆ, ಬೆನ್ನು ಮೊಣಕಾಲುಗಳ ಪ್ರಕಾರ ಹದಿನಾರು. ಮರಳಿ ಬರುವಾಗ ಸಾಲ ತೀರಿಸಬೇಕು. ಆ ಮೊದಲ ವಿಮಾನದಲ್ಲಿ ಬಂದವರು ಶನಿವಾರ ರಾತ್ರಿ ಹತ್ತಿ ಸೋಮವಾರ ಬೆಳಗಿನ ಜಾವ ಇಳಿದರು. ಆ ವಾರದ ಭಾನುವಾರವು ಅವರ ಬದುಕಿನಲ್ಲಿ ಯಾವ ಊರಿನಲ್ಲಿಯೂ ಉದಯಿಸಲಿಲ್ಲ. ದೇಹದೊಳಗಿನ ಗಡಿಯಾರವು ಹೊಸ ಊರಿಗೆ ಹೊಂದಿಕೊಳ್ಳುವುದು ಸಾಮಾನ್ಯವಾಗಿ ದಿನಕ್ಕೆ ಒಂದು ಗಂಟೆಯಂತೆ. ವಿಮಾನವು ಹದಿನೇಳು ಗಂಟೆಯಲ್ಲಿ ದಾಟಿಸಿದ್ದನ್ನು ನಿದ್ರೆಯು ನಡೆದುಕೊಂಡೇ ಬಂದು ಸೇರುತ್ತದೆ.

ಈ ಹಗಲಿರುಳಿನ ಲೆಕ್ಕವನ್ನು ಭಾರತೀಯ ಜ್ಯೋತಿಷಶಾಸ್ತ್ರವು ವಿಮಾನಕ್ಕಿಂತ ಬಹು ಹಿಂದೆಯೇ ಮಾಡಿತ್ತು. ಕ್ರಿ.ಶ. 499ರ ಕಾಲದ ಆರ್ಯಭಟನು ಭೂಮಿಯ ಸುತ್ತ ಸಮ ಅಂತರದಲ್ಲಿ ನಾಲ್ಕು ನಗರಗಳನ್ನು ಕಲ್ಪಿಸುತ್ತಾನೆ. ಲಂಕೆಯಲ್ಲಿ ಸೂರ್ಯ ಉದಯಿಸುವಾಗ ಯವಕೋಟಿಯಲ್ಲಿ ನಡುಹಗಲು, ಸಿದ್ಧಪುರದಲ್ಲಿ ಅಸ್ತಮಾನ, ರೋಮಕದಲ್ಲಿ ನಡುರಾತ್ರಿ. ಅವನ ಲಂಕೆಯು ಉಜ್ಜಯಿನಿಯ ರೇಖಾಂಶವು ಭೂಮಧ್ಯರೇಖೆಯನ್ನು ಸಂಧಿಸುವ ಗಣಿತದ ಬಿಂದು. ಅದಕ್ಕೆ ನೇರ ವಿರುದ್ಧವಾದ ಸಿದ್ಧಪುರವನ್ನು ಇಂದಿನ ಗೋಳದ ಮೇಲೆ ಗುರುತಿಸಹೋದರೆ ಅದು ಉತ್ತರ ಅಮೆರಿಕದ ಮೂಲಕ ಹಾಯುವ ರೇಖಾಂಶದ ಮೇಲೆ ಬೀಳುತ್ತದೆ. ಅಂಥ ಊರೊಂದು ಇದೆಯೆಂದು ಯಾರೂ ಕಂಡಿರಲಿಲ್ಲ. ಭೂಮಿ ಗೋಳವಾಗಿದ್ದರೆ ಅಲ್ಲೊಂದು ಸಂಜೆ ಇರಲೇಬೇಕೆಂಬುದಷ್ಟೇ ತರ್ಕ. ಇಂದು ಹಾಸನದ ಹಳ್ಳಿಯೊಂದರಲ್ಲಿ ಬೆಳಗಿನ ಕಾಫಿ ಕುಡಿಯುವ ತಂದೆಯು ದೂರವಾಣಿಯಲ್ಲಿ ಮಗನಿಗೆ ‘ಊಟವಾಯಿತೇ?’ ಎಂದು ರಾತ್ರಿಯ ಊಟವನ್ನು ಕುರಿತು ಕೇಳುವಾಗ, ಆ ತರ್ಕದ ಸಿದ್ಧಪುರದಲ್ಲಿ ಜನವಸತಿಯಾಗಿರುವುದು ತಿಳಿಯುತ್ತದೆ.

ದೂರದ ಪ್ರಯಾಣದ ಚರಿತ್ರೆಯಲ್ಲಿ ಕನ್ನಡ ನಾಡಿಗೆ ಅತ್ಯಂತ ಹಳೆಯದಾದ ಸ್ಮೃತಿಗಳಲ್ಲಿ ಒಂದು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿದೆ. ಉಜ್ಜಯಿನಿಯಲ್ಲಿ ಭದ್ರಬಾಹುವು ಹನ್ನೆರಡು ವರ್ಷಗಳ ಕ್ಷಾಮವನ್ನು ಮುನ್ನರಿತು ಹೇಳಲು, ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ನಡೆದು ಬಂದಿತೆಂದು ಅಲ್ಲಿನ ಪ್ರಾಚೀನ ಶಾಸನ ಸಾರುತ್ತದೆ. ವಡ್ಡಾರಾಧನೆಯ ಭದ್ರಬಾಹು ಭಟ್ಟಾರರ ಕಥೆಯೂ ಈ ವಲಸೆಯನ್ನು ನಿರೂಪಿಸುತ್ತದೆ. ಉಜ್ಜಯಿನಿಗೂ ಬೆಳಗೊಳಕ್ಕೂ ನೇರ ರೇಖೆಯಲ್ಲಿ ಸುಮಾರು 1,150 ಕಿಲೋಮೀಟರು. ಇಂದಿನ ವಿಮಾನಕ್ಕೆ ಅದು ಒಂದೂಕಾಲು ಗಂಟೆಯ ಹಾರಾಟ. ಸಂಘಕ್ಕೆ ಅದು ನಾಡುಗಳನ್ನೂ ನುಡಿಗಳನ್ನೂ ಭಿಕ್ಷೆ ನೀಡುವ ಕೈಗಳನ್ನೂ ಒಂದೊಂದಾಗಿ ಅರಿಯುತ್ತ ಬಂದ ಹಾದಿ. ನಡೆದು ಬಂದವರು ಆ ನಾಡಿನವರೇ ಆದರು ಎಂಬುದಕ್ಕೆ ಚಿಕ್ಕಬೆಟ್ಟದ ನಿಸಿದಿಗಳೇ ಸಾಕ್ಷಿ.

ಅಮೆರಿಕದ ದಾರಿಯ ಹಿಂದಿನ ಲೆಕ್ಕವನ್ನು ತಿಳಿಯಲು 1893ನೆಯ ವರ್ಷ ಉತ್ತಮ ನಿದರ್ಶನ. ಚಿಕಾಗೊದ ಸರ್ವಧರ್ಮ ಸಮ್ಮೇಳನಕ್ಕಾಗಿ ಸ್ವಾಮಿ ವಿವೇಕಾನಂದರು ಮೇ 31ರಂದು ಮುಂಬಯಿಯಿಂದ ಹಡಗು ಹತ್ತಿದರು. ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್‌ಗಳ ಮೂಲಕ ಜಪಾನನ್ನು ಸೇರಿ, ಅಲ್ಲಿಂದ ಬೇರೆ ಹಡಗಿನಲ್ಲಿ ಪೆಸಿಫಿಕ್ ದಾಟಿ, ಜುಲೈ 25ರಂದು ಅಮೆರಿಕ ಖಂಡದ ಪಶ್ಚಿಮ ತೀರದ ವ್ಯಾಂಕೂವರ್ ತಲಪಿದರು. ನಡುವಣ ತಂಗುದಾಣಗಳೂ ಸೇರಿ ಎಂಟು ವಾರ. ಅದೇ ಸಮ್ಮೇಳನಕ್ಕೆ ಜೈನರ ಪರವಾಗಿ ಆಹ್ವಾನ ಬಂದದ್ದು ಆತ್ಮಾರಾಮಜಿ ಎಂದು ಪ್ರಸಿದ್ಧರಾದ ಆಚಾರ್ಯ ವಿಜಯಾನಂದ ಸೂರಿಗಳಿಗೆ. ಪಾದವಿಹಾರದ ನಿಯಮವುಳ್ಳ ಮುನಿಗಳಿಗೆ ಹಡಗನ್ನೇರುವುದು ಸಲ್ಲದು. ಅವರು ಇಪ್ಪತ್ತೊಂಬತ್ತರ ಹರೆಯದ ಗೃಹಸ್ಥ ವೀರಚಂದ ರಾಘವಜಿ ಗಾಂಧಿಯವರನ್ನು ಸಿದ್ಧಗೊಳಿಸಿ ಕಳುಹಿಸಿದರು. ಸಮುದ್ರ ದಾಟಿದ್ದಕ್ಕಾಗಿ ವೀರಚಂದರು ಸ್ವಸಮಾಜದ ಕೆಲವರ ಆಕ್ಷೇಪವನ್ನೂ ಎದುರಿಸಬೇಕಾಯಿತು. ಹೋಗಲಾಗದವರು ತಮ್ಮ ಮಿತಿಯನ್ನು ಮುರಿಯದೆ ಮಾತನ್ನು ಕಳುಹಿಸಿದರು, ಹೋದವರು ಮಿತಿಯ ಹೊಣೆಯನ್ನು ತಮ್ಮ ಮೇಲೆ ಹೊತ್ತರು. ಎರಡೂ ಗೌರವಕ್ಕೆ ಪಾತ್ರವಾದ ನಡೆಗಳೇ.

ಈ ಮಿತಿಯ ವಿಚಾರವನ್ನು ಶ್ರಾವಕಾಚಾರದ ಗ್ರಂಥಗಳು ದೂರದ ಭಾಷೆಯಲ್ಲಿಯೇ ಹೇಳುತ್ತವೆ. ಗೃಹಸ್ಥನ ಗುಣವ್ರತಗಳಲ್ಲಿ ಒಂದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ಇಲ್ಲಿಯವರೆಗೆ ಮಾತ್ರ ಹೋಗುತ್ತೇನೆಂದು ಸಮುದ್ರ, ನದಿ, ಅಡವಿ, ಬೆಟ್ಟ, ನಾಡು, ಯೋಜನಗಳ ಗುರುತಿನಿಂದ ಎಲ್ಲೆ ಹಾಕಿಕೊಳ್ಳುವ ವ್ರತವದು. ಹೊರಗೆ ಕಾಲಿಡದಿದ್ದರೆ ಹೊರಗಿನ ಹಿಂಸೆಯಲ್ಲಿ ತನಗೆ ಪಾಲಿರದೆಂಬುದು ಅದರ ತತ್ತ್ವ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಮೇಲಕ್ಕೆ ಎಲ್ಲೆ ಮೀರುವುದು, ಕೆಳಕ್ಕೆ ಮೀರುವುದು, ಅಡ್ಡಲಾಗಿ ಮೀರುವುದು, ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು, ಹಾಕಿಕೊಂಡ ಎಲ್ಲೆಯನ್ನು ಮರೆಯುವುದು. ಊರ್ಧ್ವ ದಿಕ್ಕಿನ ಅತಿಚಾರವೆಂದರೆ ಅಂದಿನವರಿಗೆ ಬೆಟ್ಟ ಹತ್ತುವುದಷ್ಟೇ ಆಗಿದ್ದಿರಬೇಕು. ಹನ್ನೊಂದು ಕಿಲೋಮೀಟರು ಎತ್ತರದಲ್ಲಿ ಊಟ ಮಾಡಿ ಮಲಗುವ ಕಾಲವು ಆ ಪಟ್ಟಿಗೆ ಹೊಸ ಅರ್ಥ ತಂದಿದೆ. ವ್ರತವನ್ನು ಹಿಡಿದವರು ಇಂದು ವಿರಳ. ಐದನೆಯ ಅತಿಚಾರವಾದ ಮರೆವು ಮಾತ್ರ ವ್ರತ ಹಿಡಿಯದವರಲ್ಲಿಯೂ ವ್ಯಾಪಕವಾಗಿದೆ. ಹದಿನೇಳು ಗಂಟೆಗೆ ಎಲ್ಲಿಗೂ ಹೋಗಬಹುದೆಂಬ ಭರವಸೆಯು ಎಲ್ಲೆಯೇ ಇಲ್ಲವೆಂಬ ಭ್ರಾಂತಿಯಾಗಿ ಬೆಳೆಯುವುದು ಸುಲಭ.

ಕಾವ್ಯದ ವಿಮಾನಗಳಿಗೂ ಇಂದಿನ ವಿಮಾನಗಳಿಗೂ ಇರುವ ಒಂದು ವ್ಯತ್ಯಾಸವನ್ನು ಇಲ್ಲಿ ನೆನೆಯಬಹುದು. ಜೈನ ಪುರಾಣಗಳಲ್ಲಿ ಆಕಾಶಗಮನವು ವಿದ್ಯಾಧರರಿಗೆ ಸಹಜವಾದ ವಿದ್ಯೆ. ನಾಗಚಂದ್ರನ ರಾಮಚಂದ್ರಚರಿತ ಪುರಾಣದಲ್ಲಿ ರಾವಣನೂ ವಿದ್ಯಾಧರ ವಂಶದವನೇ. ಕಾಳಿದಾಸನ ರಘುವಂಶದ ಹದಿಮೂರನೆಯ ಸರ್ಗವು ಪೂರ್ಣವಾಗಿ ಒಂದು ವಿಮಾನಯಾನ. ಲಂಕೆಯಿಂದ ಅಯೋಧ್ಯೆಗೆ ಪುಷ್ಪಕದಲ್ಲಿ ಮರಳುವ ರಾಮನು ಸೀತೆಗೆ ಸಮುದ್ರವನ್ನೂ ಪಂಪಾ ಸರೋವರವನ್ನೂ ಗೋದಾವರಿಯನ್ನೂ ಚಿತ್ರಕೂಟವನ್ನೂ ಗಂಗಾ ಯಮುನೆಯರ ಸಂಗಮವನ್ನೂ ಒಂದೊಂದಾಗಿ ತೋರಿಸುತ್ತಾನೆ. ಅಗಲಿಕೆಯಲ್ಲಿ ಅವನು ಕಾಲ್ನಡಿಗೆಯಿಂದ ಅಲೆದ ನೆಲವೇ ಅದು. ಕೆಳಗಿನ ಪ್ರತಿಯೊಂದು ಗುರುತಿಗೂ ಒಂದು ನೋವಿನ ನೆನಪು ಅಂಟಿಕೊಂಡಿರುವುದರಿಂದಲೇ ಆ ಹಾರಾಟವು ಪ್ರಯಾಣವಾಗುತ್ತದೆ. ಇಂದಿನ ವಿಮಾನದಲ್ಲಿ ಊಟದ ನಂತರ ಕಿಟಕಿಯ ಪರದೆಗಳನ್ನು ಇಳಿಸಲಾಗುತ್ತದೆ. ಧ್ರುವಪ್ರದೇಶದ ಹಿಮವಾಗಲಿ ಸೈಬೀರಿಯಾದ ನದಿಗಳಾಗಲಿ ಎದುರಿನ ಪುಟ್ಟ ತೆರೆಯ ಮೇಲಿನ ಒಂದು ಗೆರೆಯಾಗಿ ಉಳಿಯುತ್ತವೆ. ದಾರಿಯಿಲ್ಲದ ಪ್ರಯಾಣವೆಂದು ಇದನ್ನು ಕರೆಯಬಹುದು.

ದಾರಿಯು ಇದೆಯೆಂಬುದು ನೆನಪಾಗುವುದು ಅದು ತಪ್ಪಿದಾಗ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನವೊಂದು ಎಂಜಿನಿನ ದೋಷದಿಂದಾಗಿ ರಷ್ಯಾದ ದೂರಪೂರ್ವದ ಮಗದಾನ್ ಎಂಬ ಊರಿನಲ್ಲಿ ಇಳಿಯಬೇಕಾಯಿತು. ಎರಡು ನೂರಕ್ಕೂ ಹೆಚ್ಚು ಜನರು ಬದಲಿ ವಿಮಾನ ಬರುವವರೆಗೆ, ತಾವು ಹೆಸರೂ ಕೇಳಿರದ ಊರಿನಲ್ಲಿ ತಂಗಿದ್ದರು. ದಾರದ ಅಡಿಯಲ್ಲಿ ನೆಲವಿದೆ, ನೆಲದ ಮೇಲೆ ಊರಿದೆ, ಊರಿಗೊಂದು ರಾಜ್ಯವಿದೆ, ರಾಜ್ಯರಾಜ್ಯಗಳ ನಡುವೆ ಸ್ನೇಹ ದ್ವೇಷಗಳಿವೆ. 2022ರಲ್ಲಿ ಯುದ್ಧದ ಕಾರಣದಿಂದ ರಷ್ಯಾದ ಆಕಾಶವು ಅನೇಕ ಪಾಶ್ಚಾತ್ಯ ಸಂಸ್ಥೆಗಳಿಗೆ ಮುಚ್ಚಿಹೋದಾಗ ಅವುಗಳ ಹಾದಿಗಳು ಗಂಟೆಗಟ್ಟಲೆ ಉದ್ದವಾದುವು. ಭೂಮಿ ಹಿಗ್ಗಲಿಲ್ಲ, ದೂರ ಹಿಗ್ಗಿತು.

ಇದಕ್ಕಿಂತ ದೊಡ್ಡ ಮುಚ್ಚುವಿಕೆಯನ್ನು ಹಿಂದಿನ ಎರಡು ವರ್ಷಗಳು ಕಂಡಿದ್ದವು. 2020ರ ಮಾರ್ಚ್ 23ರಂದು ಭಾರತವು ನಿಗದಿತ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು. ಅವು ಪೂರ್ಣವಾಗಿ ಪುನರಾರಂಭವಾದದ್ದು 2022ರ ಮಾರ್ಚ್ 27ರಂದು. ನಡುವೆ ವಿಶೇಷ ವಿಮಾನಗಳಿದ್ದವು, ಒಪ್ಪಂದದ ಹಾರಾಟಗಳಿದ್ದವು, ಆದರೆ ಹೋಗುವುದು ಬೇರೆ, ಮರಳುವುದು ಬೇರೆ. 2020ರ ಜೂನ್‌ನಲ್ಲಿ ಅಮೆರಿಕ ಸರ್ಕಾರವು ಹೊರದೇಶದಲ್ಲಿದ್ದು ಊರ್ಜಿತ ವೀಸಾ ಇಲ್ಲದವರಿಗೆ ಎಚ್‌-1ಬಿ ಮುಂತಾದ ಉದ್ಯೋಗ ವೀಸಾಗಳ ಮೇಲಿನ ಪ್ರವೇಶವನ್ನು ವರ್ಷಾಂತ್ಯದವರೆಗೆ ತಡೆಹಿಡಿಯಿತು. ಅಷ್ಟರಲ್ಲಿ ಅದರ ದೂತಾವಾಸಗಳ ದೈನಂದಿನ ವೀಸಾ ಕೆಲಸವೂ ನಿಂತುಹೋಗಿತ್ತು. ಹಾಸನದ ಮಾಸ್ತರರ ಮಗನ ವೀಸಾ ಮುದ್ರೆಯ ಅವಧಿ ಮುಗಿದಿತ್ತು. ಊರಿಗೆ ಬಂದರೆ, ಅಲ್ಲಿ ಬಿಟ್ಟುಬಂದ ಹೆಂಡತಿ ಮಗುವಿನ ಬಳಿಗೆ ಯಾವಾಗ ಹಿಂದಿರುಗುವುದೆಂದು ಹೇಳುವವರಿರಲಿಲ್ಲ. ಆ ಆಷಾಢದಲ್ಲಿ ತಾಯಿ ಹಾಸಿಗೆ ಹಿಡಿದರು. ‘ಅವನಿಗೆ ಬಾ ಅನ್ನಬೇಡಿ, ಮಗು ಚಿಕ್ಕದು’ ಎಂದು ಗಂಡನಿಂದ ಮಾತು ತೆಗೆದುಕೊಂಡರು. ಜುಲೈ ತಿಂಗಳ ಒಂದು ಬೆಳಗಿನ ಜಾವ ಐದು ಗಂಟೆಗೆ ತೀರಿಕೊಂಡರು. ಬೆಳಿಗ್ಗೆ ಹನ್ನೊಂದಕ್ಕೆ ತೋಟದ ಅಂಚಿನಲ್ಲಿ ಅಂತ್ಯಕ್ರಿಯೆ ನಡೆಯಿತು. ತಮ್ಮನ ಮಗನೊಬ್ಬ ಮೊಬೈಲನ್ನು ಎತ್ತಿ ಹಿಡಿದಿದ್ದ. ಮಗನು ನೋಡುತ್ತಿದ್ದ ಊರಿನಲ್ಲಿ ಆಗ ಹಿಂದಿನ ದಿನದ ರಾತ್ರಿ ಹತ್ತೂವರೆ.

ಆರು ತಿಂಗಳ ನಂತರ ಪತ್ರಿಕೆಯ ಮುಖಪುಟದಲ್ಲಿ ನೇರ ವಿಮಾನದ ಸುದ್ದಿ ಬಂದಾಗ ಮಾಸ್ತರರು ಅದನ್ನು ಎರಡು ಬಾರಿ ಓದಿ ಪತ್ರಿಕೆಯನ್ನು ಮಡಿಸಿಟ್ಟರು. ವರ್ಷ ತುಂಬಿದಾಗ ಮಗನೇ ಒಂದು ಪ್ರಶ್ನೆಯನ್ನು ಎತ್ತಿದ. ಅಮ್ಮ ಹೋದ ದಿನವೆಂದು ತಾನು ನೆನೆಯಬೇಕಾದದ್ದು ಯಾವ ತಾರೀಖು? ಅವನ ಗೋಡೆಯ ಕ್ಯಾಲೆಂಡರಿನಲ್ಲಿ ಅವನು ಗುರುತು ಹಾಕಿದ್ದು ಒಂದು ದಿನ ಹಿಂದಿನ ಚೌಕದಲ್ಲಿ. ನಲವತ್ತು ವರ್ಷ ಮಕ್ಕಳಿಗೆ ರೇಖಾಂಶದ ಪಾಠ ಹೇಳಿದವರು ಈ ಪ್ರಶ್ನೆಗೆ ಉತ್ತರ ಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡರು. ‘ಇಲ್ಲಿ ಹನ್ನೊಂದಾದಾಗ ಮಾತನಾಡು. ನಿನ್ನ ದಿನವೂ ಆಗಿರುತ್ತದೆ, ನನ್ನ ದಿನವೂ ಆಗಿರುತ್ತದೆ’ ಎಂದರು. ಅಂದಿನಿಂದ ಪ್ರತಿ ವರ್ಷ ಅದೇ ಹೊತ್ತಿಗೆ ಕರೆ ಬರುತ್ತದೆ. ಹನ್ನೊಂದು ಗಂಟೆಯ ಆ ಬಿಸಿಲಿನಲ್ಲಿಯೂ ಹತ್ತೂವರೆಯ ಆ ಕತ್ತಲಿನಲ್ಲಿಯೂ ಇಬ್ಬರೂ ಕೆಲವು ನಿಮಿಷ ಹೆಚ್ಚು ಮಾತಿಲ್ಲದೆ ಇರುತ್ತಾರೆ.

ಎರಡು ವಿಮಾನ ನಿಲ್ದಾಣಗಳ ನಡುವಣ ಹೊತ್ತನ್ನು ಹೇಳುವಾಗ ಲೆಕ್ಕಕ್ಕೆ ಬಾರದ ಭಾಗಗಳು ಇಂತಹವು. ಹದಿನೇಳು ಗಂಟೆಯ ಹಿಂದೆ ರಜೆಯ ಅರ್ಜಿ, ವೀಸಾದ ಮುದ್ರೆ, ಟಿಕೇಟಿನ ಬೆಲೆ, ನಿಲ್ದಾಣದಲ್ಲಿ ಮೂರು ಗಂಟೆ ಮೊದಲಿನ ಸಾಲು. ಮುಂದೆ ಸಾಮಾನಿನ ಕಾಯುವಿಕೆ, ದೇವನಹಳ್ಳಿಯಿಂದ ಹಾಸನಕ್ಕೆ ಸುಮಾರು 200 ಕಿಲೋಮೀಟರು, ಧಾರವಾಡಕ್ಕೆ ಅದರ ಎರಡರಷ್ಟನ್ನೂ ಮೀರಿದ ರಸ್ತೆ. ಕರ್ನಾಟಕದ ಹಳ್ಳಿಗಳಲ್ಲಿ ವಿದೇಶದ ಮಕ್ಕಳಿಗಾಗಿ ಶವವನ್ನು ತಂಪು ಪೆಟ್ಟಿಗೆಯಲ್ಲಿಟ್ಟು ಕಾಯುವುದು ಈಗ ಅಪರೂಪವಲ್ಲ. ಆ ಪೆಟ್ಟಿಗೆಯ ಬಾಡಿಗೆಯನ್ನು ಲೆಕ್ಕ ಹಾಕುವುದು ಕಿಲೋಮೀಟರಿಗೆ ಅಲ್ಲ, ದಿನಕ್ಕೆ. ಅಳತೆಗಳಲ್ಲಿ ಕೊನೆಗೆ ಸತ್ಯವಾಗಿ ಉಳಿಯುವುದು ಬಹುಶಃ ಅದೇ ಹಳೆಯ ಪ್ರಶ್ನೆ. ಕೂಗಿದರೆ ಕೇಳಿಸುತ್ತದೆಯೇ? ಕೇಳಿಸಿದರೆ ಬಂದು ಸೇರಲು ಎಷ್ಟು ಹೊತ್ತು? ಮೊದಲನೆಯದಕ್ಕೆ ದೂರವಾಣಿಯು ಉತ್ತರ ಕಂಡುಕೊಂಡಿದೆ, ಹದಿನಾಲ್ಕು ಸಾವಿರ ಕಿಲೋಮೀಟರು ಇಂದು ಕೂಗಳತೆಯೊಳಗೇ ಇದೆ. ಎರಡನೆಯದು ಒಮ್ಮೆ ಎಂಟು ವಾರವಾಗಿತ್ತು, ಈಗ ಹದಿನೇಳು ಗಂಟೆ, ಮುಂದೆ ಇನ್ನೂ ಕಡಿಮೆಯಾಗಬಹುದು. ಕೇಳಿಸುವುದಕ್ಕೂ ಬಂದು ಸೇರುವುದಕ್ಕೂ ನಡುವೆ ಒಂದಿಷ್ಟು ಹೊತ್ತು ಉಳಿದೇ ಇರುತ್ತದೆ. ನಾಡಿನಿಂದ ದೂರ ಹೋದವರೂ ಊರಿನಲ್ಲಿ ಉಳಿದವರೂ ಬದುಕುತ್ತಿರುವುದು ಆ ಹೊತ್ತಿನೊಳಗೆ.